ಅವ್ವನ ಬಗಲಿನ ಗಡ್ಡೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಬೆಳ್ಳಟ್ಟಿಯಿಂದ ಗದಗಿಗೆ ಹೋಗಿ, ಬೀಗರ ಮನೆಯ ಪಡಸಾಲೆಯಲ್ಲಿ ಓದಿ ಬಿ.ಎಸ್ಸಿ. ಮುಗಿಸಿದೆ. ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ.

ಎಂಬತ್ತರ ದಶಕದ ಆರಂಭ, ಹತ್ತಿ ಬಿಡಿಸುವ ಕಾಲ. ಅವ್ವನ ಬಗಲಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ ಎದ್ದು, ಕೈ ಎತ್ತಲು ಆಗುತ್ತಿರಲಿಲ್ಲ. ಗಡ್ಡೆಗೆ ಬರೆ ಹಾಕಲು ಸೋದರತ್ತೆ ಅರಿಶಿನ ಕೊಂಬನ್ನು ಕೆಂಡಕ್ಕೆ ಹಿಡಿದಿದ್ದಳು. ಅವ್ವ ಕಣ್ಣು ಮುಚ್ಚಿ ಕೂತಿದ್ದಳು.

"ತಡಿ ಅತ್ತಿ, ಮೊದ್ಲ ಆಕಿ ಬೆರಳು ನೋಡೂಣು" ಎಂದೆ.

"ಬಗಲಾಗ ಗಡ್ಡಿ ಎದ್ರ ಬೆರಳು ನೋಡ್ತಾಳಂತ! ತಲಿನೋವು ಬಂದ್ರ ಅಂಗಾಲು ನೋಡ್ತಾರೇನವಾ ನಿಮ್ಮ ಕಾಲೇಜಿನ್ಯಾಗ?"

ನಾನು ಓದಿದ್ದನ್ನೇ ಹೇಳಿದೆ. ರಕ್ತನಾಳಗಳಿಂದ ಮೈಯೊಳಗೆ ನೀರು ಜಿನುಗುತ್ತಲೇ ಇರುತ್ತದೆ. ಹೆಚ್ಚಾಗಿ ಉಳಿದದ್ದನ್ನು ಬೇರೆ ಸಣ್ಣ ನಾಳಗಳು ಬಸಿದು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಕೈಯಿಂದ ಬರುವ ನೀರನ್ನು ಬಗಲಿನ ಗ್ರಂಥಿಗಳು ಸೋಸುತ್ತವೆ. ಬೆರಳಿನಲ್ಲಿ ನಂಜಾದರೆ ಅದನ್ನು ತಡೆಯಲು ಹೋಗಿ ತಾವೇ ಬಾತು ಊದಿಕೊಳ್ಳುತ್ತವೆ.

ನೋಡಿದರೆ ಅವ್ವನ ಹೆಬ್ಬೆರಳ ಉಗುರಿನಡಿ ಒಣ ಹತ್ತಿಕಾಯಿಯ ಚೂರು ಮುರಿದು ಕೀವು ತುಂಬಿತ್ತು. ಶಿರಹಟ್ಟಿಯ ಡಾಕ್ಟರು ಅದನ್ನು ತೆಗೆದು ಔಷಧ ಕೊಟ್ಟರು. ಬರೆಯಿಲ್ಲದೆಯೇ ಗಡ್ಡೆ ಇಳಿಯಿತು.

ಅವ್ವ ಕೈ ಎತ್ತಿ ತಲೆ ಬಾಚಿಕೊಳ್ಳುವುದನ್ನು ನೋಡಿದ ಅತ್ತೆ, ನನ್ನ ಮುಂದೆ ಬಂದು ಕೂತು ಪಾದ ಚಾಚಿದಳು.

"ಹಂಗಾದ್ರ ಸಂಜಿ ಆತಂದ್ರ ನನ್ನ ಕಾಲು ಯಾಕ ಬಾಯ್ತಾವ? ಅದನ್ನೂ ಹೇಳು."

ನಾನು ದಿಂಬು ತಂದು ಅವಳ ಕಾಲಡಿ ಇಟ್ಟು, ಹೇಳತೊಡಗಿದೆ.