ಯಾರೋ ಓದಿಟ್ಟ ಲೇಖನಗಳು

ಹೋದ ವಾರ ನಮ್ಮ ಝೆರಾಕ್ಸ್ ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದರು. ಹಲ್ಲುನೋವೆಂದು ದವಡೆಯಲ್ಲಿ ಲವಂಗ ಒತ್ತಿಕೊಂಡಿದ್ದರು. ಎಷ್ಟು ಪ್ರತಿ ಬೇಕೆಂದು ಹೇಳಲು ಬಾಯಿ ತೆರೆದರು, ಅಷ್ಟೇ. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಕೈಯಲ್ಲಿ ಕಾಗದ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ... ಸದಾ ಲವಂಗ ಅಗಿಯುತ್ತಿದ್ದ ಅಕ್ಕೋರು ಅಂಗಡಿಗೆ ಬಂದರೆ ಅವರಿಗಿಂತ ಮೊದಲು ಬರುತ್ತಿದ್ದುದು ಈ ಲವಂಗದ ವಾಸನೆ.

ಅವರು ನನಗೆ ಕಲಿಸಿದವರಲ್ಲ. ನಂದಗಡದ ಸಾಲೆಯಲ್ಲಿ ಬಹಳ ವರ್ಷ ಕಲಿಸಿ, ನಿವೃತ್ತಿಯ ನಂತರ ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದರು. ಸಾಲೆಯ ಟೀಚರೆಂದು ಓಣಿಯವರೆಲ್ಲ ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಓದುವ ಹುಚ್ಚು ಅವರಿಗೆ ವಿಪರೀತ. ಫೋನಿನಲ್ಲಿ ಕಣ್ಣಿಗೆ ಬಿದ್ದ ಲೇಖನವನ್ನೆಲ್ಲ ಆಮೇಲೆ ಓದಲೆಂದು ಕೂಡಿಡುವ ಒಂದು ಜಾಲತಾಣದಲ್ಲಿ ಖಾತೆ ಇಟ್ಟುಕೊಂಡಿದ್ದರು. ಹುಣಸೆಮರದ ರೋಗ, ಹಳೆಯ ಬಾವಿಗಳು, ಯಾವುದೋ ದೇಶದ ಮುದುಕಿಯೊಬ್ಬಳ ಈಜು... ಏನಾದರೂ ಆದೀತು. ದಿನಕ್ಕೆ ಐದಾರು ಅದರೊಳಗೆ ಹೋಗುತ್ತಿದ್ದವು. ಅಕ್ಷರ ಸಣ್ಣದಾಗಿ ಕಾಣುತ್ತಿದೆ, ಪರದೆ ಕಣ್ಣಿಗೆ ಹೊಡೆಯುತ್ತಿದೆ ಎಂದು ಆಗಾಗ ನನ್ನ ಹತ್ತಿರ ಬರುತ್ತಿದ್ದರು. ನಾನು ಸೆಟ್ಟಿಂಗ್ಸ್ ತೆರೆದು ಸರಿಮಾಡಿ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಬಂದವರ ಮುಖ ಸಪ್ಪಗಿತ್ತು.

"ನನಗ ಮರವು ಶುರು ಆಗೇತೇನೋ ಯವ್ವಾ," ಎಂದರು. "ನಾ ಮುಟ್ಟಲಾರದ್ದನ್ನೂ ಓದೇನಿ ಅಂತ ತೋರಸಾಕತ್ತೈತಿ. ನಿನ್ನಿ ಎರಡು, ಇವತ್ತ ಮೂರು."

ಆ ಜಾಲತಾಣದಲ್ಲಿ ಲೇಖನವನ್ನು ಕೊನೆಯತನಕ ಸರಿಸಿದರೆ ಸಾಕು, ಅದು ತಾನಾಗಿಯೇ 'ಓದಿದ್ದು' ಎಂಬ ಪಟ್ಟಿಗೆ ಹೋಗುತ್ತಿತ್ತು. ಬಹಳ ದಿನದಿಂದ ಹೀಗಾಗುತ್ತಿತ್ತಂತೆ. ಓದಿದ್ದೇ ನೆನಪಿಲ್ಲವೇನೋ ಎಂದುಕೊಂಡು ಯಾರಿಗೂ ಹೇಳದೆ ಒಳಗೊಳಗೇ ಹೆದರಿದ್ದರು. ಅವರ ಅವ್ವನಿಗೂ ಕೊನೆಗೆ ಮರೆವು ಬಂದಿತ್ತಂತೆ. ಮಾತಾಡುವಾಗ ಅವರ ಬೆರಳು ಸೀರೆಯ ಸೆರಗನ್ನು ಸುತ್ತುತ್ತ ಬಿಚ್ಚುತ್ತ ಇತ್ತು.

ನಾನು ಖಾತೆಯ ಸೆಟ್ಟಿಂಗ್ಸಿಗೆ ಹೋದೆ. ಅಲ್ಲಿ ಒಂದು ಕಡೆ ಈ ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಎಂಬ ಪಟ್ಟಿ ಇತ್ತು. ಮೊದಲನೆಯದು ಅವರ ಫೋನು. ಕೆಳಗೆ ಇನ್ನೊಂದು. ಒಂದು ಟ್ಯಾಬ್. ಕೊನೆಯ ಬಳಕೆ, ಅವತ್ತು ಬೆಳಿಗ್ಗೆ.

"ಅಕ್ಕೋರ, ನಿಮಗ ಮರವು ಗಿರವು ಏನೂ ಇಲ್ರಿ," ಎಂದೆ. "ನಿಮ್ಮ ಖಾತೆ ಮತ್ಯಾರೋ ತೆಗದ ಓದಾಕತ್ತಾರ. ತಡೀರಿ, ಎಲ್ಲಾ ಕಡೆ ಬಂದ್ ಮಾಡಿ ಪಾಸ್‌ವರ್ಡ್ ಬದಲಿ ಮಾಡತೇನಿ."

ಉಳಿದ ಸಾಧನಗಳಿಂದ ಹೊರಬನ್ನಿ ಎಂಬ ಗುಂಡಿಯ ಮೇಲೆ ನನ್ನ ಬೆರಳಿತ್ತು. ಅಕ್ಕೋರು ತಟ್ಟನೆ ನನ್ನ ಮಣಿಕಟ್ಟು ಹಿಡಿದರು.

"ಒತ್ತಬ್ಯಾಡ."

ಪರದೆಯ ಮೇಲಿದ್ದ ಟ್ಯಾಬಿನ ಹೆಸರನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಸ್ಟೂಲಿನ ಮೇಲೆ ಕುಳಿತರು. ಬಿಟ್ಟು ಬಿಟ್ಟು ಹೇಳತೊಡಗಿದರು.

ಆ ಟ್ಯಾಬ್ ಅವರದೇ. ಅವ್ವ ಖಾನಾಪುರದಲ್ಲಿ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಾಗ, ಓದಿ ಹೇಳಲು ಇರಲಿ ಎಂದು ತಮ್ಮ ಖಾತೆ ತೆರೆದೇ ಅದನ್ನು ತಂಗಿಗೆ ಕೊಟ್ಟು ಬಂದಿದ್ದರು. ಅವ್ವನನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ತರೋಣ ಎಂದು ಇವರ ಹಟ. ಈ ವಯಸ್ಸಿನಲ್ಲಿ ಸೂಜಿ ನಳಿಕೆ ಬೇಡ, ಮನೆಯಲ್ಲೇ ಇರಲಿ ಎಂದು ತಂಗಿಯದು. ಅವ್ವ ಮನೆಯಲ್ಲೇ ಹೋದರು. ಮಣ್ಣು ಮಾಡಿ ಬಂದು ಕುಳಿತಾಗ, ಬಂದ ಬೀಗರು, ನೆಂಟರೆಲ್ಲರ ಎದುರಿಗೆ ಅಕ್ಕೋರು ತಂಗಿಗೆ, "ಅವ್ವನ್ನ ನೀನ ಕೊಂದಿ," ಎಂದುಬಿಟ್ಟಿದ್ದರು. ಆಮೇಲೆ ಎರಡು ವರ್ಷ ಇಬ್ಬರಲ್ಲಿ ಮಾತಿಲ್ಲ. ಫೋನೂ ಇಲ್ಲ.

"ಅಕಿನ ಓದಾಕತ್ತಾಳ," ಎಂದರು ಅಕ್ಕೋರು. ಅಳು ಬಂದಿತ್ತೋ ನಗು ಬಂದಿತ್ತೋ, ನನಗೆ ತಿಳಿಯಲಿಲ್ಲ. "ನಾ ಉಳಿಸಿದ್ದ ಎಲ್ಲಾ ಓದಾಕತ್ತಾಳ..."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಇಳಕಲ್ ಸೀರೆ. "ಖಾನಾಪುರಕ್ಕ ಹೋಗೂಣು, ನೀ ನನ್ನ ಕೂಡ ಬಾ. ಒಬ್ಬಾಕಿನ ಹೋದರ ನಾ ಬಾಗಲದಾಗಿಂದನ ತಿರುಗಿ ಬರತೇನಿ," ಎಂದರು. ಅಂಗಡಿಯನ್ನು ನನ್ನ ಗಂಡನಿಗೆ ಒಪ್ಪಿಸಿ ಹೊರಟೆ.

ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಮರಾಠಿಯಲ್ಲಿ ಯಾರದೋ ಮದುವೆಯ ಊಟದ ಸುದ್ದಿ ಹೇಳುತ್ತಿದ್ದರು. ಅಕ್ಕೋರು ಕಿಟಕಿಯ ಸರಳು ಹಿಡಿದು ಕುಳಿತಿದ್ದರು. ಖಾನಾಪುರದಲ್ಲಿ ಇಳಿದ ಮೇಲೆ, "ಅಯ್ಯ, ಬರಿಗೈಲೆ ಬಂದ್ನೆಲ್ಲ," ಎಂದು ನಿಂತರು. ಹಣ್ಣು ಕೊಳ್ಳೋಣವೆಂದೆ. ಬೇಡವೆಂದರು. ಮತ್ತೆ ನಾಲ್ಕು ಹೆಜ್ಜೆ ಹೋಗಿ ತಾವೇ ಬಾಳೆಹಣ್ಣು ಕೊಂಡರು.

ಬಾಗಿಲು ತೆರೆದೇ ಇತ್ತು. ತಂಗಿ ಕಟ್ಟೆಯ ಮೇಲೆ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಿ ನೋಡಿದರು. ಮಡಿಲಲ್ಲಿದ್ದ ಸೊಪ್ಪೆಲ್ಲ ನೆಲಕ್ಕೆ ಬಿತ್ತು.

"ಬಾ ಅಕ್ಕಾ," ಎಂದರು. "ಒಳಗ ಬಾ."

ಅಕ್ಕೋರು ಹೊಸ್ತಿಲ ಹೊರಗೇ ನಿಂತರು. "ಮದಲ ನನ್ನ ಮಾತ ಕೇಳು. ಅವತ್ತ ನಾ ಅಂದದ್ದು ತಪ್ಪು. ಅವ್ವಗ ನೀ ಮಾಡಿದ್ದು ನನ್ನ ಕೈಲೆ ಆಗತಿರಲಿಲ್ಲ. ಎಲ್ಲಾರ ಮುಂದ ಅಂದಿದ್ದೆ, ಈಗ ಈ ಹುಡುಗಿ ಮುಂದ ಹೇಳಾಕತ್ತೇನಿ. ಉಳದವರಿಗೂ ಹೇಳತೇನಿ."

ತಂಗಿ ಅಕ್ಕನ ಕೈಯಿಂದ ಬಾಳೆಹಣ್ಣಿನ ಚೀಲ ತೆಗೆದುಕೊಂಡು, ಅದೇ ಕೈ ಹಿಡಿದು ಒಳಗೆ ಕರೆದೊಯ್ದರು.

ಚಹಾ ಕುಡಿಯುವಾಗ ಟ್ಯಾಬಿನ ಮಾತು ಬಂತು. ತಂಗಿ ನಾಚಿಕೊಂಡರು. ಅವ್ವ ಹೋದ ಮೇಲೂ ರೂಢಿಯಂತೆ ದಿನಾ ಬೆಳಿಗ್ಗೆ ತೆಗೆಯುತ್ತಿದ್ದರಂತೆ. ಹೊಸ ಲೇಖನ ಬಂದಿದ್ದರೆ ಅಕ್ಕ ಆರಾಮಿದ್ದಾಳೆ ಎಂದು ತಿಳಿಯುತ್ತಿದ್ದರಂತೆ.

"ಚೌತಿ ಮುಂದ ಎಂಟು ದಿನ ಏನೂ ಬರಲಿಲ್ಲ," ಎಂದರು. "ಜೀವ ಹಾರಿಹೋಗಿತ್ತು ನಂದು. ಬಸ್ ಹತ್ತಿ ಬರಬೇಕಂತ ಚೀಲಾನೂ ತುಂಬಿದ್ದೆ. ಅವತ್ತ ಸಂಜಿಕ ನೀ ಹುಣಸಿ ಗಿಡದ್ದು ಹಾಕಿದಿ. ಕುಂತ ಪೂರ್ತಿ ಓದಿದೆ."

"ಆ ಎಂಟು ದಿನ ಜ್ವರ ಬಂದಿತ್ತು ನನಗ," ಎಂದರು ಅಕ್ಕೋರು. "ಮತ್ತ ಬಂದಿದ್ದರ ಆಗತಿರಲಿಲ್ಲೇನ?"

"ನೀ ಬಾಗಲಾ ತಗೀತಿದ್ದೇನ?"

ಅಕ್ಕೋರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಆಮೇಲೆ ಇಬ್ಬರೂ ನಕ್ಕರು. ಎದೆಯ ಮೇಲಿನ ಕಲ್ಲು ಇಳಿಸಿದವರ ನಗು ಅದು. ಸೊಪ್ಪು ಆಯ್ದು ಬುಟ್ಟಿಗೆ ತುಂಬುತ್ತಿದ್ದ ನನಗೂ ಕಣ್ಣು ತುಂಬಿ ಬಂತು.

ತಂಗಿಗೆ ಬೇರೆ ಖಾತೆ ಮಾಡಿಕೊಡಲೇ ಎಂದು ಕೇಳಿದೆ. ಇಬ್ಬರೂ ಒಟ್ಟಿಗೇ ಬೇಡವೆಂದರು. ಹಾಗಾಗಿ ಅವತ್ತು ಸೆಟ್ಟಿಂಗ್ಸಿನಲ್ಲಿ ನಾನು ಮಾಡಿದ್ದು ಒಂದೇ ಬದಲಾವಣೆ. ಲೇಖನ ತಾನಾಗಿ 'ಓದಿದ್ದು' ಆಗುವುದನ್ನು ನಿಲ್ಲಿಸಿದೆ. ಒಬ್ಬರು ಓದಿದರೆ ಕೆಳಗೆ ಟಿಪ್ಪಣಿ ಬರೆಯುವುದು, ಇನ್ನೊಬ್ಬರೂ ಓದಿದ ಮೇಲೆ ಕೈಯಾರೆ ಆ ಪಟ್ಟಿಗೆ ಸರಿಸುವುದು ಎಂದು ಇಬ್ಬರೂ ಗೊತ್ತುಮಾಡಿಕೊಂಡರು. ಟಿಪ್ಪಣಿಗಳಲ್ಲೇ ಜಗಳವೂ ನಡೆಯುತ್ತಿತ್ತು. 'ಇದು ಖೊಟ್ಟಿ ಸುದ್ದಿ, ಬರೇ ಸುಳ್ಳು' ಎಂದು ಒಬ್ಬರು, 'ನಿನಗೇನು ಗೊತ್ತು' ಎಂದು ಇನ್ನೊಬ್ಬರು. ಅಕ್ಕೋರು ಅವನ್ನು ನನಗೆ ತೋರಿಸಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ತಿಂಗಳಿಗೆ ಎರಡು ಸಲವಾದರೂ ಖಾನಾಪುರದ ಬಸ್ಸು ಹತ್ತುತ್ತಿದ್ದರು. ಮರೆವಿನ ಹೆದರಿಕೆಯ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಹೀಗೆ ಮೂರು ವರ್ಷ... ಹೋದ ವರ್ಷ ಶ್ರಾವಣದಲ್ಲಿ ಅಕ್ಕೋರಿಗೆ ಎದೆನೋವು ಬಂತು. ಎರಡೇ ದಿನ. ದವಾಖಾನೆಯಲ್ಲಿ ಅವರ ಕೈ ಹಿಡಿದುಕೊಂಡು ಕುಳಿತದ್ದು ತಂಗಿಯೇ.

ಈಗ ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದಾರೆ. ಓಣಿಯಲ್ಲಿ ಅಕ್ಕೋರು ಎಂದು ಕರೆಸಿಕೊಳ್ಳುವವರು ಯಾರೂ ಉಳಿದಿಲ್ಲ. ಮಧ್ಯಾಹ್ನ ಅಂಗಡಿ ಬಿಕೋ ಎನ್ನುವಾಗ ಅವರು ಬೇಕಿತ್ತು ಅನಿಸುತ್ತದೆ. ಅವರಂತೆ ಹರಟಲು ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಆದರೂ ತಂಗಿಗೆ ಅಂದ ಆ ಒಂದು ಮಾತನ್ನು ಎದೆಯಲ್ಲಿ ಹೊತ್ತುಕೊಂಡೇ ಅವರು ಹೋಗಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ಉಸಿರು ಹಗುರಾಗುತ್ತದೆ.

ಮೊನ್ನೆ ಅವರ ತಂಗಿಗೆ ಫೋನು ಮಾಡಿದ್ದೆ. ಅಕ್ಕ ಉಳಿಸಿಟ್ಟದ್ದರಲ್ಲಿ ಇನ್ನೂ ಬಹಳ ಬಾಕಿ ಇವೆಯಂತೆ.

"ದಿನಾ ಒಂದ ಓದತೇನಿ, ಹೆಚ್ಚಿಗಿ ಓದೂದಿಲ್ಲ," ಎಂದರು. "ಲಗೂ ಮುಗಿಬಾರದಲ್ಲ."