ಶಿಬಿರಕ್ಕೆ ಹೋಗದ ಅಕ್ಕ

ವ್ಯಕ್ತಿತ್ವ ವಿಕಸನ ಶಿಬಿರಗಳಿಗೆ ಹೋದವರು ನಿಜಕ್ಕೂ ಬದಲಾಗುತ್ತಾರೆಯೇ ಎಂಬ ಸಂಶೋಧನೆಗಾಗಿ ನಾನು ದಿಲ್‌ಸುಖ್‌ನಗರದ ಕಚೇರಿಯಿಂದ ತಿಂಗಳಿಗೊಮ್ಮೆ ಜನರಿಗೆ ಫೋನ್ ಮಾಡುತ್ತಿದ್ದೆ. ಹೋಲಿಕೆಗೆಂದು, ಹೋಗದವರಿಗೂ ಮಾಡಬೇಕಿತ್ತು. ಅಂಥವರಲ್ಲಿ ಕುಷಾಯಿಗೂಡದ ಅಕ್ಕ ಒಬ್ಬರು, ಬೀದರ್ ಕಡೆಯವರು. ಮೊದಮೊದಲು "ಹೇಗಿದ್ದೀರಿ?" ಎಂದರೆ "ಛಲೋ ಇಲ್ರೀ" ಎನ್ನುತ್ತಿದ್ದವರು ಬರಬರುತ್ತ ನಗತೊಡಗಿದರು. ಶಿಬಿರವಿಲ್ಲದೆ ಇವರು ಹೇಗೆ ಸುಧಾರಿಸಿದರೆಂದು ಸಂಶೋಧಕಿ ಮೇಡಂ ಸಿಡಿಮಿಡಿಗೊಂಡರು.

ಅಕ್ಕನನ್ನೇ ಕೇಳಿದೆ.

"ನೀವು ಫೋನ್ ಮಾಡಿ ಕನ್ನಡದಾಗ ಹೆಂಗದೀರಿ ಅಂತ ಕೇಳ್ತೀರಲ್ರೀ, ಈ ತೆಲುಗರ ಊರಾಗ ಬ್ಯಾರೆ ಯಾರ್ ಕೇಳ್ತಾರ? ನೀವ್ ಹೆಂಗದೀರಿ?"

ನಮ್ಮ ವಿಷಯ ಹೇಳಕೂಡದೆಂಬ ಹಾಳು ನಿಯಮವಿತ್ತು. ಮುಂದಿನ ಪ್ರಶ್ನೆಗೆ ಹೋದೆ. ಸಂಶೋಧನೆ ಮುಗಿಯಿತು, ನಂಬರುಗಳನ್ನು ಅಳಿಸಿಬಿಟ್ಟರು. ಈಗಲೂ ತಿಂಗಳ ಮೊದಲ ದಿನ ಫೋನ್ ಕೈಗೆತ್ತಿಕೊಂಡು ಆ ಪ್ರಶ್ನೆಗೆ ಉತ್ತರಿಸುತ್ತೇನೆ: ಛಲೋ ಇಲ್ರೀ, ಅಕ್ಕಾ.