ಗಾಡಿ ಗಂಟೆ, ಬೆಂಕಿ ಗಂಟೆ

ನನ್ನದು ಬಾಯಿಗಿಂತ ಮುಂಚೆ ಓಡುವ ಕೈ. ರಾಣೆಬೆನ್ನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ ಮೊದಲ ವರ್ಷದಲ್ಲೇ ಮೂವರನ್ನು ಹೊಡೆದಿದ್ದೆ. ಒಬ್ಬ ತಾಮ್ರದ ತಂತಿ ಕದ್ದಿದ್ದ, ಇನ್ನೊಬ್ಬ ನಮ್ಮ ತಾಯಿಯ ಸುದ್ದಿ ಎತ್ತಿದ್ದ, ಮೂರನೆಯವನನ್ನು ಯಾಕೆ ಹೊಡೆದೆ ಅನ್ನುವುದು ಈಗ ನೆನಪಿಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದನೂ ಹಾಗೇ ಇದ್ದ. ಕನೆಕ್ಷನ್ ತಪ್ಪಿದರೆ ತಂತಿ ಕತ್ತರಿಸುವ ಪಕ್ಕಡದಿಂದ ಬೆರಳಿನ ಗೆಣ್ಣಿಗೆ ಕೊಡುತ್ತಿದ್ದ. "ಕರೆಂಟ್ ಹೊಡದ್ರ ಸಾಯ್ತಿ, ನಾ ಹೊಡದ್ರ ಕಲೀತಿ" ಅನ್ನುತ್ತಿದ್ದ. ಪೆಟ್ಟು ತಿಂದು ಕಲಿತವನಿಗೆ ಬೇರೆ ದಾರಿ ಗೊತ್ತಿರುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಹಳ ವರ್ಷ ತಳ್ಳಿದೆ.

ನನ್ನ ಜೊತೆ ಕೆಲಸಕ್ಕಿದ್ದವರು ನಮ್ಮ ಅಕ್ಕನ ಗಂಡ. ಮನೆಯೊಳಗೆ ನಾವು ಉರ್ದು ಆಡುವವರು. ಅಕ್ಕನನ್ನು ಆಪಾ ಅಂತಲೂ ಅವರನ್ನು ದೂಲಾಭಾಯಿ ಅಂತಲೂ ಕರೆಯುತ್ತಿದ್ದೆ. ಅವರು ಎಳೆದ ವೈರು ಗೋಡೆಯ ಮೇಲೆ ಒಂದು ಎಳೆ ಸೊಟ್ಟ ಇರುತ್ತಿರಲಿಲ್ಲ. ಕಣ್ಣು ಮುಚ್ಚಿ, ಬರೀ ಬೆರಳಿನಿಂದ ಸುಟ್ಟ ಕಾಯಿಲ್ ಯಾವುದು ಅಂತ ಹೇಳುತ್ತಿದ್ದರು. ಆದರೆ ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಸರ್ಕಾರದ ವೈರ್‌ಮನ್ ಪರ್ಮಿಟ್ಟಿನ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಕನ್ನಡ, ಇಲ್ಲವೆ ಇಂಗ್ಲಿಷು. ಎರಡು ಸಲ ಕೂತರು. ಎರಡು ಸಲವೂ ಸರ್ಕ್ಯೂಟಿನ ಚಿತ್ರ ಚೆಂದಾಗಿ ಬಿಡಿಸಿ, ಉಳಿದ ಹಾಳೆ ಖಾಲಿ ಕೊಟ್ಟು ಬಂದರು. ಎರಡನೇ ಸಲ ನಪಾಸು ಅಂತ ಹೇಳಿದ ಗುಮಾಸ್ತ ನಕ್ಕುಬಿಟ್ಟ. ನಾನು ಕಿಟಕಿಯೊಳಗೆ ಕೈ ಹಾಕಿ ಅವನ ಕಾಲರ್ ಹಿಡಿದು ಕಂಬಿಗೆ ಮುಖ ಅಪ್ಪಳಿಸಿದೆ. ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿದವರು ದೂಲಾಭಾಯಿಯೇ.

ನಾನು ಪಾಸಾಗಿದ್ದೆ. ಹಾಗಾಗಿ ನಮ್ಮ ವ್ಯವಹಾರದಲ್ಲಿ ಕೈ ಅವರದು, ಕಾಗದ ನನ್ನದು. ಅವರು ಏಣಿ ಹತ್ತುತ್ತಿದ್ದರು, ನಾನು ಅಂಗಡಿಯಲ್ಲಿ ಕೂತು ಸಹಿ ಹಾಕುತ್ತಿದ್ದೆ. ಇದು ಕಾಯ್ದೆಗೆ ವಿರುದ್ಧ ಅಂತ ಗೊತ್ತಿತ್ತು. ಆದರೆ ಆಗ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಕೆಲಸ ನಡೆಯುತ್ತಿದ್ದದ್ದೇ ಹೀಗೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬ್ಯಾಡಗಿಯಲ್ಲಿ ಒಂದೆರಡು ಮೆಣಸಿನಕಾಯಿ ಗೋದಾಮು ಸುಟ್ಟ ಮೇಲೆ ವಿಮೆಯವರು ಹೊಸ ಷರತ್ತು ತಂದರು. ಗೋದಾಮಿನಲ್ಲಿ ಬೆಂಕಿ ಗಂಟೆ ಇರಬೇಕು, ಅದನ್ನು ಪರ್ಮಿಟ್ ಇದ್ದವನೇ ಕೂಡಿಸಿ, ತಪಾಸಣೆ ಮಾಡಿ, ಸಹಿ ಹಾಕಿರಬೇಕು. ಬೆಂಕಿ ಗಂಟೆಗೇ ಅಂತ ಬೇರೆ ಲೈಸೆನ್ಸು ನಾನಂತೂ ಕಂಡಿರಲಿಲ್ಲ. ನಲ್ಲಿಯವನು ವೈದ್ಯ ಆದ ಹಾಗೆ, ಫ್ಯಾನು ಕೂಡಿಸುವ ನಾವೇ ಜನರ ಜೀವ ಕಾಯುವವರಾದೆವು. ಛಾವಣಿಗೆ ಶಾಖ ತಗುಲಿದರೆ ಸರ್ಕ್ಯೂಟು ಕೂಡುವ ಡಬ್ಬಿ, ಒಂದು ಬ್ಯಾಟರಿ, ಒಂದು ಗಂಟೆ, ಇಷ್ಟೇ ಸಾಮಾನು. ಜೊತೆಗೆ ಒಂದು ಫಾರ್ಮು. ಅದರ ಕೊನೆಯ ಪ್ರಶ್ನೆ: 'ಈ ಗಂಟೆಯ ಶಬ್ದವನ್ನು ಆವರಣದ ಬೇರೆ ಗಂಟೆಗಳಿಂದ ಪ್ರತ್ಯೇಕವಾಗಿ ಗುರುತಿಸಬಹುದೇ?'

ಮೊದಲ ಗೋದಾಮಿನ ಕೆಲಸ ಮುಗಿಸಿದ ಮರುದಿನ ದೂಲಾಭಾಯಿ ಊಟಕ್ಕೆ ಕೂತಾಗ ಅದನ್ನೇ ಎತ್ತಿದರು. ಮಧ್ಯಾಹ್ನದ ಊಟ ನಾನೂ ಅವರ ಮನೆಯಲ್ಲೇ ಮಾಡುತ್ತಿದ್ದೆ. ಆಪಾ ಬಡಿಸುತ್ತಿದ್ದಳು.

"ಗಂಟಿ ಬದಲಿ ಮಾಡೋಣು. ಅದು ಅಲ್ಲಿ ಗಾಡಿ ಗಂಟಿ ಹಂಗ ಕೇಳಾಕತ್ತೈತಿ. ಒಮ್ಮಿ ಬಂದು ನೋಡು."

ಗಾಡಿ ಗಂಟೆ ಅಂದರೆ ಲಾರಿ ಬಂದಾಗ ಗೋದಾಮಿನವರು ಬಾರಿಸುವುದು. ಅದು ಕೇಳಿದರೆ ಹಮಾಲರ ಟೋಳಿಗಳು ಕೈಯಲ್ಲಿದ್ದ ಚಹಾ ಚೆಲ್ಲಿ ಓಡುತ್ತಿದ್ದವು. ಯಾವ ಟೋಳಿಯವನು ಒಳಗೆ ಹೋಗಿ ಮೊದಲು ಚೀಲ ಮುಟ್ಟುತ್ತಾನೋ ಆ ಟೋಳಿಗೆ ಆ ಲೋಡು. ಮುಟ್ಟಿದವರದ ಮಾಲು ಅನ್ನುತ್ತಿದ್ದರು. ಅದಕ್ಕಾಗಿ ಬಾಗಿಲಲ್ಲಿ ಮೊಣಕೈ, ಗುದ್ದು, ಕೆಲವು ಸಲ ಚೀಲ ಎಳೆಯುವ ಕಬ್ಬಿಣದ ಹುಕ್ಕು ಕೂಡ ಆಡುತ್ತಿತ್ತು.

ನಾನು ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಫಾರ್ಮಿಗೆ ಆಗಲೇ 'ಹೌದು' ಅಂತ ಬರೆದು ಸಹಿ ಹಾಕಿ ಅಂಚೆಗೆ ಕೊಟ್ಟಿದ್ದೆ. ತಪ್ಪು ತೋರಿಸಿದವರ ಮೇಲೆ ಸಿಟ್ಟು ಬಂತು.

"ಗಂಟಿ ಅಂದ್ರ ಗಂಟಿ. ಪರೀಕ್ಷಾ ಪಾಸಾದಾಂವ ನಾನೋ ನೀವೋ? ನಿಮಗೇನು ಕಾಯ್ದೆ ಗೊತ್ತೈತಿ?" ಅಂದವನೇ ಪಕ್ಕದಲ್ಲಿದ್ದ ಪಕ್ಕಡ ಎತ್ತಿ ಒಗೆದೆ. ಅದು ಅವರ ಭುಜಕ್ಕೆ ಬಡಿದು ಅನ್ನದ ಬೋಗುಣಿಯೊಳಗೆ ಬಿತ್ತು. ಆಪಾ ಆ ಅನ್ನವನ್ನು ತೆಗೆದು ಬೇರೆ ಬಡಿಸಿದಳು.

ಎರಡು ತಿಂಗಳ ಮೇಲೆ ಅದೇ ಮಾಲಕರ ಇನ್ನೊಂದು ಗೋದಾಮಿನ ಕೆಲಸ ಸಿಕ್ಕಿತು. ಕಾಗದದ ಮೇಲೆ ಕಣ್ಣೆದುರಿಗೇ ಸಹಿ ಬೇಕು ಅಂತ ಅವರು ಹಟ ಹಿಡಿದಿದ್ದರಿಂದ ನಾನು ಖುದ್ದು ಬ್ಯಾಡಗಿಗೆ ಹೋದೆ. ಮಧ್ಯಾಹ್ನ ಮೂರರ ಬಿಸಿಲು. ದೂಲಾಭಾಯಿ ಆ ಎರಡನೇ ಗೋದಾಮಿನಲ್ಲಿ ಏಣಿಯ ಮೇಲಿದ್ದರು. ನಾನು ಮಾಲಕರ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆ. ಗಂಟೆ ಹೊಡೆಯತೊಡಗಿತು.

"ಗಾಡಿ ಬಂತು ನೋಡ್ರಿ," ಅಂದರು ಮಾಲಕರು.

"ಹೂಂ," ಅಂದೆ.

ಅದು ಪಕ್ಕದ ಮೊದಲ ಗೋದಾಮಿನದು, ನಾನು ಸಹಿ ಹಾಕಿದ ಬೆಂಕಿ ಗಂಟೆ. ಸಹಿ ಹಾಕಿದವನಿಗೇ ಗುರುತು ಹತ್ತಲಿಲ್ಲ.

ಆ ಗೋದಾಮಿನ ಒಳಗೆ, ಸುತ್ತ ಯಾರೂ ಇರಲಿಲ್ಲ. ಆ ಗಂಟೆ ಯಾರನ್ನೂ ಓಡಿಸಬೇಕಾಗಿಯೂ ಇರಲಿಲ್ಲ. ಅದು ಸುಮ್ಮನಿದ್ದಿದ್ದರೆ ಮೆಣಸಿನಕಾಯಿ ಸುಟ್ಟು ಹೋಗುತ್ತಿತ್ತು, ಅಷ್ಟೇ. ಆದರೆ ಎರಡು ಟೋಳಿಗಳು ಎರಡು ಕಡೆಯಿಂದ ಓಡಿ ಬಂದವು. ಬಾಗಿಲು ತೆಗೆದರು. ಹೊಗೆ ಮುಖಕ್ಕೆ ಬಡಿಯುತ್ತಿದ್ದರೂ ಮುಂದಿನವರು ಹಿಂದಿನವರನ್ನು ಮೊಣಕೈಯಿಂದ ತಿವಿಯುತ್ತ ಒಳಗೇ ನುಗ್ಗಿದರು. ಹಿಂದಿನವರಿಗೆ ಏನೂ ಕಾಣಿಸುತ್ತಿರಲಿಲ್ಲ. ತಮ್ಮ ಲೋಡು ಕೈ ತಪ್ಪುತ್ತದೆ ಅಂತ ಅವರು ತಳ್ಳಿದರು. ಒಗ್ಗರಣೆಗೆ ಎರಡು ಮೆಣಸಿನಕಾಯಿ ಹೆಚ್ಚು ಸುಟ್ಟರೇ ಮನೆಮಂದಿ ಹೊರಗೆ ಓಡುತ್ತಾರೆ. ಅಲ್ಲಿ ಸಾವಿರಾರು ಚೀಲಗಳು ಉರಿಯುತ್ತಿದ್ದವು. ಒಳಗಿದ್ದವರು ಕಣ್ಣು ಕಳೆದುಕೊಂಡವರಂತೆ ತಿರುಗಿ ಬಾಗಿಲ ಕಡೆ ನುಗ್ಗಿದರು, ಹೊರಗಿನವರು ಒಳಗೆ ತಳ್ಳುತ್ತಲೇ ಇದ್ದರು. ಹೊಸ್ತಿಲ ಮೇಲೆ ಒಬ್ಬರನ್ನೊಬ್ಬರು ತುಳಿದರು, ಪರಚಿದರು, ಕಚ್ಚಿದರು. ಗಂಟೆ ನಿಲ್ಲಲೇ ಇಲ್ಲ. ದೂಲಾಭಾಯಿ ಅಷ್ಟು ಚೆನ್ನಾಗಿ ಕೂಡಿಸಿದ್ದರು.

ನಾನು ಹೊರಗೆ ಬರುವ ಹೊತ್ತಿಗೆ ಅವರು ತಲೆಗೆ ಹಸಿ ಗೋಣಿ ಸುತ್ತಿಕೊಂಡು ಒಳಗೆ ಹೋಗಿ, ಇಬ್ಬರನ್ನು ಕಾಲು ಹಿಡಿದು ಎಳೆದು ತಂದಿದ್ದರು. ಮೂರನೆಯವನು ಕರ್ಜಗಿ ಊರಿನ ಹಮಾಲ. ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಚೀಲ ಮುಟ್ಟಿದವನು ಅವನೇ. ಅವನನ್ನು ಹೊರಗೆ ತಂದಾಗ ಎದೆಗೂಡು ಕುಸಿದಿತ್ತು, ಬಾಯಿಂದ ರಕ್ತದ ಬುರುಗು ಬರುತ್ತಿತ್ತು. ಗೆಳೆಯರು ಕೊಡದಿಂದ ನೀರು ಹುಯ್ಯುತ್ತಿದ್ದಂತೆ ಜೀವ ಹೋಯಿತು.

ಆಗ ಯಾರೋ ಕೂಗಿದರು. "ಆ ಗಂಟಿ ಹಾಕಿದಾಂವ ಇಂವನ!"

ದೂಲಾಭಾಯಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. ಮೊದಲ ಏಟು ಬಿದ್ದದ್ದು ಹಿಂದಿನಿಂದ. ಮೊಣಕಾಲೂರಿ ಕುಸಿದರು. ಆಮೇಲೆ ಕಾಲು, ದೊಣ್ಣೆ, ತಕ್ಕಡಿಯ ಕಲ್ಲು, ಕೈಗೆ ಸಿಕ್ಕಿದ್ದೆಲ್ಲ. ಸತ್ತವನ ಟೋಳಿಯ ಹಿರಿಯನೊಬ್ಬ ಅವರ ಕೂದಲು ಹಿಡಿದು ಮುಖ ಎತ್ತಿದ.

"ಲೈಸೆನ್ಸ್ ಐತೇನಲೇ ನಿನಗ?"

"ಇಲ್ಲ," ಅಂದರು.

"ಲೈಸೆನ್ಸ್ ಇಲ್ಲದ ಮಗನ, ಮಂದಿ ಜೀವದ ಕೂಡ ಆಟ ಆಡ್ತಿ?" ಅಂದು ಹುಕ್ಕಿನ ಹಿಡಿಯಿಂದ ಬಲಗೈ ಮಣಿಕಟ್ಟಿನ ಮೇಲೆ ಹೊಡೆದ. ಒಮ್ಮೆ ಅಲ್ಲ. ಎಲುಬು ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು.

ನಾನು ನಿಂತಿದ್ದೆ. ಹತ್ತು ಮಾರು ದೂರದಲ್ಲಿ, ಆಫೀಸಿನ ಮೆಟ್ಟಿಲ ಮೇಲೆ, ಅಂಗಿಯ ಜೇಬಿನಲ್ಲಿ ಪರ್ಮಿಟ್ ಇಟ್ಟುಕೊಂಡು. ನಕ್ಕ ಗುಮಾಸ್ತನ ಮೇಲೆ ಓಡಿದ್ದ ಕೈ ಅವತ್ತು ತೊಡೆಗೆ ಅಂಟಿಕೊಂಡಿತ್ತು. ನಾನು ಧೈರ್ಯವಂತ ಅಂತ ತಿಳಿದುಕೊಂಡಿದ್ದೆ. ತಿರುಗಿ ಹೊಡೆಯಲಾರದವರ ಮುಂದೆ ಮಾತ್ರ ಆ ಧೈರ್ಯ ಅಂತ ಅವತ್ತು ಗೊತ್ತಾಯಿತು. ಉರಿಯುವ ಕಣ್ಣನ್ನು ಅರೆ ತೆರೆದು, ಜನರ ಕಾಲುಗಳ ನಡುವಿನಿಂದ ದೂಲಾಭಾಯಿ ನನ್ನನ್ನು ಕಂಡರು. ಅವರು ನನ್ನ ಹೆಸರು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ, ಮುಖ ಆ ಕಡೆ ತಿರುಗಿಸಿಕೊಂಡರು.

ಕೊನೆಗೆ ನಾನು ಮೆಟ್ಟಿಲಿಳಿದೆ. ಅದು ಧೈರ್ಯದಿಂದ ಅಲ್ಲ. ಅವರು ಸತ್ತರೆ ಆಪಾಳಿಗೆ ಏನು ಹೇಳುವುದು ಅನ್ನುವ ಹೆದರಿಕೆಯಿಂದ. ಪರ್ಮಿಟ್ ಎತ್ತಿ ಹಿಡಿದು "ಬಿಡ್ರಿ! ಲೈಸೆನ್ಸ್ ನಂದೈತಿ!" ಅಂತ ಕಿರುಚಿದೆ. ಈಗ ಈ ಎಲ್ಲ ದೊಣ್ಣೆ ನನ್ನ ಮೇಲೆ ತಿರುಗುತ್ತವೆ ಅಂತ ಹಲ್ಲು ಕಚ್ಚಿಕೊಂಡಿದ್ದೆ.

ತಿರುಗಲಿಲ್ಲ. ಹಿರಿಯ ಆ ಕಾಗದ ಇಸಿದುಕೊಂಡು, ಫೋಟೋ ನೋಡಿ, ಸರ್ಕಾರದ ಮೊಹರಿನ ಮೇಲೆ ಬೆರಳಾಡಿಸಿದ. ಅವನ ದನಿ ಇಳಿಯಿತು.

"ಇದನ್ನ ಮೊದಲ ಹೇಳಬಾರದೇನ್ರಿ ಸಾಹೇಬ್ರ? ಕುಂದ್ರಿ. ಏ, ಸಾಹೇಬ್ರಿಗೆ ಕುರ್ಚಿ ತರ್ರೋ. ಲೈಸೆನ್ಸ್ ಇದ್ದಾವ್ರು ನೀವು. ಇಂಥಾವನ್ನ ಯಾಕ ಕೆಲಸಕ್ಕ ಬಿಟ್ರಿ?"

ಕುರ್ಚಿ ಬಂತು, ನೀರು ಬಂತು. ಕೂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಎತ್ತು ಕುರ್ಚಿಯ ಮೇಲೆ ಕೂತು ನೀರು ಕುಡಿಯಿತು. ಎಮ್ಮೆ ಅಲ್ಲೇ ಮಣ್ಣಿನಲ್ಲಿ ಬಿದ್ದಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಣಿಕಟ್ಟು ಕೂಡಿಸಿದರು. ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಇನ್ನು ಅವರಿಗೆ ಸ್ಕ್ರೂ ಡ್ರೈವರ್ ಹಿಡಿಯಲಾಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಹದಿನೈದು ದಿನಕ್ಕೆ ವಿಚಾರಣೆಯ ಪತ್ರ ಬಂತು. ಹಾವೇರಿಯ ಪ್ರವಾಸಿ ಮಂದಿರದಲ್ಲಿ ವಿದ್ಯುತ್ ಇಲಾಖೆಯ ಅಧಿಕಾರಿ ಕೂರುವವರಿದ್ದರು.

"ಹೋಗಿ ಇದ್ದದ್ದು ಇದ್ದಂಗ ಹೇಳ್ತೇನಿ," ಅಂದೆ ಹಾಸಿಗೆಯ ಹತ್ತಿರ ನಿಂತು. "ನೀವು ಗಂಟಿ ಬದಲಿ ಮಾಡೋಣು ಅಂದ್ರಿ, ನಾನ ಕೇಳಲಿಲ್ಲ ಅಂತೇನಿ."

"ಹುಚ್ಚ ಇದ್ದೀಯೇನು?" ಅಂದರು. "ನನ್ನ ಕೈ ಅಂತೂ ಹೋತು. ನಿನ್ನ ಪರ್ಮಿಟ್ಟೂ ಹೋದ್ರ ಎರಡೂ ಮನಿ ಒಲಿ ಆರತಾವ. ನಾ ಹೇಳೋದು ಹೇಳ್ತೇನಿ. ನೀ ಹೌದು ಅನ್ನು, ಸಾಕು."

"ಆಗೂದಿಲ್ಲ," ಅಂದೆ. ಆಪಾ ಅವರ ತಲೆಯ ಹತ್ತಿರ ಕೂತಿದ್ದಳು. ನನ್ನ ಮಾತಿಗೆ ತಲೆ ಎತ್ತಿ ನೋಡಿದಳು. ಆ ನೋಟದಲ್ಲಿ ನನ್ನ ಬಗ್ಗೆ ಇನ್ನೂ ನಂಬಿಕೆ ಇತ್ತು.

ವಿಚಾರಣೆಯ ದಿನ ಆಪಾ ಹೊರಗಿನ ಬೆಂಚಿನ ಮೇಲೆ ಕೂತಳು. ಸೆಕೆಗೆ ಬಾಗಿಲು ತೆರೆದೇ ಇತ್ತು. ಅಧಿಕಾರಿ ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ದೂಲಾಭಾಯಿ ಹೇಳುತ್ತ ಹೋದರು, ಗುಮಾಸ್ತ ಬರೆದುಕೊಂಡ. ಆಮೇಲೆ ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು. 'ಗಂಟೆಯ ಶಬ್ದ ಬೇರೆ ಇದೆ ಎಂದು ನಾನೇ ಸುಳ್ಳು ಹೇಳಿ ಸಹಿ ಮಾಡಿಸಿಕೊಂಡೆ. ಅದನ್ನು ಬದಲಿಸಲು ನನ್ನ ಭಾವಮೈದುನ ಹೇಳಿದರೂ ನಾನು ಕೇಳಲಿಲ್ಲ.' ನನ್ನ ಮಾತನ್ನು ತಾವು ತೆಗೆದುಕೊಂಡು ತಮ್ಮ ಮಾತನ್ನು ನನಗೆ ಕೊಟ್ಟುಬಿಟ್ಟಿದ್ದರು. ಉರ್ದುವಿನಲ್ಲಿ ಮುತ್ತಿನಂಥ ಅಕ್ಷರ ಬರೆಯುತ್ತಿದ್ದವರು, ಬಲಗೈ ಕೊರಳಿಗೆ ತೂಗಿಸಿಕೊಂಡು ಎಡಗೈ ಹೆಬ್ಬೆಟ್ಟು ಒತ್ತಿದರು.

ಅಧಿಕಾರಿ ನನ್ನ ಕಡೆ ನೋಡಿದರು. "ಇವರು ಹೇಳ್ತಿರೋದು ನಿಜಾನೇನ್ರೀ?"

ಬಾಗಿಲಾಚೆ ಆಪಾಳ ಸೆರಗಿನ ಅಂಚು ಕಾಣುತ್ತಿತ್ತು. ಸತ್ಯ ನನ್ನ ಬಾಯಲ್ಲೇ ಇತ್ತು. ಮೇಜಿನ ಮೇಲೆ ನನ್ನ ಪರ್ಮಿಟ್ಟೂ ಇತ್ತು.

"ಖರೇ ಐತ್ರಿ," ಅಂದೆ.

ಅಧಿಕಾರಿ ನನಗೆ ಎಚ್ಚರಿಕೆ ಕೊಟ್ಟು ಪರ್ಮಿಟ್ ವಾಪಸು ಕೊಟ್ಟರು. ದೂಲಾಭಾಯಿಯ ಮೇಲೆ ಕೇಸಾಯಿತು. ಅವರ ಮನೆಯ ಖರ್ಚು ನಾನೇ ನೋಡಿಕೊಂಡೆ, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ವಿಚಾರಣೆಯಲ್ಲಿ ನಾನಾಡಿದ ಮಾತಿಗೆ ಅವರು ಒಂದು ದಿನವೂ ನನ್ನನ್ನು ಚುಚ್ಚಲಿಲ್ಲ.

ಆಪಾಳೂ ಬೈಯಲಿಲ್ಲ. ಅವತ್ತು ಹಾವೇರಿಯಿಂದ ಮನೆಗೆ ಬಂದು, ಅಂಗಳದಲ್ಲಿ ನಿಂತಿದ್ದ ನನಗೆ ಚಾಪೆ ಹಾಸಿದಳು. ಹುಟ್ಟಿದಾಗಿನಿಂದ ನನ್ನನ್ನು 'ತೂ' ಅಂತ ಏಕವಚನದಲ್ಲೇ ಕರೆದವಳು, ನನ್ನ ಮೂಗು ಒರೆಸಿ ಬೆಳೆಸಿದವಳು, ನೆಲ ನೋಡುತ್ತ "ಆಪ್ ಬೈಠೋ" ಅಂದಳು. ಪರವೂರಿನ ದೊಡ್ಡ ಮನುಷ್ಯರಿಗೆ ಅನ್ನುವ ಹಾಗೆ, ನೀವು ಕುಂದ್ರಿ ಅಂತ. ಇವತ್ತಿಗೂ ಹಾಗೇ ಅನ್ನುತ್ತಾಳೆ.